ಸುಟ್ಟ ಕಾಡಲ್ಲಿ ಕಪ್ಪೆ ಎಣಿಸಿದ್ದು

2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಸುಟ್ಟ ಪ್ರಾಣಿಗಳ ಫೋಟೋಗಳು ನನ್ನ ಮೊಬೈಲ್ ತುಂಬ ಬಂದವು. ಕಪ್ಪೆಯದು ಮಾತ್ರ ಒಂದೂ ಬರಲಿಲ್ಲ. ಕಾಳ್ಗಿಚ್ಚು ಬಿದ್ದರೆ ಕಪ್ಪೆಗಳ ಗತಿ ಏನು ಅನ್ನೋ ಹುಳ ಆಗಲೇ ತಲೆಗೆ ಹೊಕ್ಕಿತು. ಮುಂದೊಂದು ಬೇಸಿಗೆಯಲ್ಲಿ ನಮ್ಮ ಚಿಕ್ಕಮಗಳೂರು ಕಡೆಯ ಗುಡ್ಡವೊಂದಕ್ಕೆ ಬೆಂಕಿ ಬಿತ್ತು. ಒಂದು ಮಗ್ಗುಲಿನ ಹುಲ್ಲೆಲ್ಲ ಹೋಯಿತು. ಗುಡ್ಡದ ಸಂದಿನಲ್ಲಿ ಬೆಳೆಯುವ ನಿತ್ಯಹಸಿರು ಶೋಲಾ ಕಾಡಿನ ಅಂಚು ಒಂದಿಷ್ಟು ಸುಟ್ಟಿತು. ಕೆಳಗಿನ ಹಳ್ಳದ ದಂಡೆವರೆಗೂ ಬೂದಿ. ಅನುಮತಿ ತೆಗೆದುಕೊಂಡು ಹೊರಟೆ.

ಮೊದಲ ಸಲ ಮಾಡಿದ್ದು ಶುದ್ಧ ದಡ್ಡತನ. ಏಪ್ರಿಲ್‌ನಲ್ಲೇ ಹೋಗಿ ಕಲ್ಲು, ಕೊರಡು ಎಲ್ಲ ಎತ್ತಿ ನೋಡಿದೆ. ಏನೂ ಸಿಗಲಿಲ್ಲ. 'ಎಲ್ಲ ಸತ್ತಿವೆ' ಅಂತ ಪುಸ್ತಕದಲ್ಲಿ ಬರೆದೂ ಬಿಟ್ಟೆ. ಜೊತೆಗಿದ್ದ ಫೈರ್ ವಾಚರ್ ನಕ್ಕರು. "ಮಳೆ ಬೀಳದೆ ಕಪ್ಪೆ ಎಲ್ಲಿ ಸಿಗ್ತದೆ ಮಾರಾಯ್ರೆ? ಸುಡದ ಕಾಡಲ್ಲೂ ಒಂದ್ಸಲ ನೋಡಿ." ನೋಡಿದೆ. ಅಲ್ಲೂ ಇರಲಿಲ್ಲ!

ಬೇಸಿಗೆಯಲ್ಲಿ ಅವು ಬಿಲ, ಕಲ್ಲಿನ ಸಂದು, ಮಣ್ಣಿನಾಳ ಸೇರಿಕೊಂಡಿರುತ್ತವೆ. ಹುಲ್ಲಿನ ಬೆಂಕಿ ಸರಸರ ಓಡಿಹೋಗುತ್ತದೆ. ಅದರ ಕಾವು ನೆಲದೊಳಗೆ ಹೆಚ್ಚು ಇಳಿಯುವುದಿಲ್ಲ. ಬಿದ್ದ ಮರ ರಾತ್ರಿಯಿಡೀ ಕೆಂಡವಾಗಿದ್ದರೆ ಮಾತು ಬೇರೆ, ಅದರಡಿ ಇದ್ದವು ಉಳಿಯುವುದು ಕಷ್ಟ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಮತ್ತೆ ಹೋದೆ. ಹುಲ್ಲು, ಶೋಲಾ, ಹಳ್ಳ, ಮೂರು ಕಡೆಯೂ ಸುಟ್ಟದ್ದೊಂದು ಜಾಗ, ಸುಡದ್ದೊಂದು ಜಾಗ. ಒಂದು ಜೋಡಿಗೆ ಒಂದು ರಾತ್ರಿ, 7ರಿಂದ 9 ಗಂಟೆ. ಹಗ್ಗದಿಂದ 5 ಮೀಟರ್ ಚೌಕ ಹಾಕಿ, ಅಂಚಿನಿಂದ ಒಳಗೆ ದರಗು, ಅಂದರೆ ಉದುರಿದ ಎಲೆ, ಮಗುಚುತ್ತಾ ಹೋಗುವುದು. ನಡುವಿನಿಂದ ಶುರು ಮಾಡಿದರೆ ಎಲ್ಲ ನೆಗೆದು ಹೊರಗೆ ಹೋಗುತ್ತವೆ. ಬೂಟನ್ನು ಜಾಗ ಬದಲಿಸುವಾಗಲೆಲ್ಲ ಬ್ಲೀಚ್ ನೀರಿನಲ್ಲಿ ತೊಳೆಯಬೇಕು, ಇಲ್ಲದಿದ್ದರೆ ಕಪ್ಪೆ ಕೊಲ್ಲುವ ಶಿಲೀಂಧ್ರವನ್ನು ನಾವೇ ಹೊತ್ತು ತಿರುಗಿದ ಹಾಗೆ. ಇಂಬಳಗಳ ವಿಷಯ ಸುಮ್ನೆ ಬಿಡಿ.

ಹುಲ್ಲಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಹೊಸ ಹುಲ್ಲು ಚಿಗುರಿತ್ತು, ಸುಟ್ಟ ಕಡೆ ನೆಲಗಪ್ಪೆಗಳೇ ಜಾಸ್ತಿ. ಬಯಲು ಅವಕ್ಕೆ ಒಗ್ಗುತ್ತದೆ. ಹಳ್ಳದಲ್ಲಿ ಒದ್ದೆ ಬಂಡೆಗಳು ಸುಟ್ಟಿರಲಿಲ್ಲ, ಇರುಳುಗಪ್ಪೆಗಳು ಸಂದುಗಳಲ್ಲೇ ಕೂತು ಕೂಗುತ್ತಿದ್ದವು. ಆದರೆ ಗೊದಮೊಟ್ಟೆಗಳು ಪಾಚಿ ಕೆರೆದು ತಿನ್ನುವ ಕಲ್ಲುಗಳ ಮೇಲೆ ಬೂದಿ ಕೆಸರು ಕೂತಿತ್ತು. ಬೆರಳಾಡಿಸಿದರೆ ಕಾಡಿಗೆಯಂತೆ ಅಂಟಿತು.

ಪೆಟ್ಟು ಬಿದ್ದಿದ್ದು ಶೋಲಾ ಅಂಚಿಗೆ. ಅಲ್ಲಿರುವುದು ಹೆಬ್ಬೆರಳ ಉಗುರಿನಷ್ಟಿರುವ ಪೊದೆಗಪ್ಪೆಗಳು. ಬೆಂಗಳೂರಿನ ಪ್ರಾಣಿವಿಜ್ಞಾನಿ ಸಿ.ಆರ್. ನಾರಾಯಣ ರಾವ್ ಅವರ ಹೆಸರಿನ ರಾವೋರ್ಕೆಸ್ಟಿಸ್ ಕುಲದವು. ಇವುಗಳ ಮರಿ ಗೊದಮೊಟ್ಟೆಯಾಗಿ ನೀರಲ್ಲಿ ಈಜುವುದಿಲ್ಲ. ಎಲೆಯ ಮೇಲೋ ದರಗಿನ ಕೆಳಗೋ ಇಟ್ಟ ಮೊಟ್ಟೆಯೊಳಗೇ ಪೂರ್ತಿ ಬೆಳೆದು, ಪುಟ್ಟ ಕಪ್ಪೆಯಾಗಿಯೇ ಹೊರಬರುತ್ತದೆ. ಹಾಗಾಗಿ ಕೆರೆ, ಹೊಂಡ ಬೇಡ. ತೇವ ಮಾತ್ರ ಬೇಕೇ ಬೇಕು.

ಸುಟ್ಟ ಅಂಚಿನಲ್ಲೂ ಗಂಡುಗಳು ಟಿಕ್ ಟಿಕ್ ಅನ್ನುತ್ತಿದ್ದವು. ಕಿವಿಯನ್ನೇ ನಂಬಿದ್ದರೆ 'ಎಲ್ಲ ಸರಿಯಿದೆ' ಅಂತ ಬರೆದುಬಿಡುತ್ತಿದ್ದೆ. ಮಳೆ ಎರಡು ದಿನ ಬಿಡುವು ಕೊಟ್ಟಾಗ ಟಾರ್ಚ್ ಹಿಡಿದು ಪೊದೆಯ ಒಂದು ಎಲೆ ಬಗ್ಗಿಸಿದೆ. ನೆನೆಸಿದ ಸಬ್ಬಕ್ಕಿ ಹಾಗೆ ಇರಬೇಕಾದ ಮೊಟ್ಟೆಗಳು ಹಳದಿಗಟ್ಟಿ ಚಪ್ಪಟೆಯಾಗಿ ಎಲೆಗೆ ಅಂಟಿಕೊಂಡಿದ್ದವು. ಮೇಲೆ ನೋಡಿದರೆ ಕೊಂಬೆಗಳ ನಡುವೆ ಆಕಾಶ. ನೆರಳು ಹೋಗಿದೆ, ಗಾಳಿ ನೇರ ಬೀಸುತ್ತದೆ, ಇನ್ನು ತೇವ ಎಲ್ಲಿ ನಿಲ್ಲಬೇಕು? ಇಪ್ಪತ್ತು ಹೆಜ್ಜೆ ಒಳಗೆ, ಸುಡದ ಕಾಡಿನಲ್ಲಿ, ಅದೇ ಜಾತಿಯ ಪೊದೆಯಲ್ಲಿ ಮೊಟ್ಟೆಗಳು ದುಂಡಗೆ ಹೊಳೆಯುತ್ತಿದ್ದವು. ಒಂದರೊಳಗೆ ಎರಡು ಕಪ್ಪು ಕಣ್ಣು.

ಅಲ್ಲಿ ದರಗಿಗೆ ಬೆರಳು ಚುಚ್ಚಿದರೆ ಎರಡನೇ ಗೆಣ್ಣಿನವರೆಗೆ ಇಳಿಯಿತು. ಸುಟ್ಟ ಕಡೆ ಉಗುರೂ ಮುಚ್ಚಲಿಲ್ಲ. ಈಗ ಕಪ್ಪೆ ಎಣಿಸುವ ಮೊದಲು ದರಗಿನ ದಪ್ಪ ಅಳೆಯುತ್ತೇನೆ. ಮಕ್ಕಳ 15 ಸೆಂಟಿಮೀಟರ್ ಸ್ಕೇಲ್ ಸಾಕು, ನೆಂದರೂ ಹಾಳಾಗುವುದಿಲ್ಲ.