ಇರ್ಪುವಿನಿಂದ ನರಿಮಲೆಗೆ: ಜಿಗಣೆ ಕಾಡಲ್ಲಿ ಒಂದು ದಿನದ ನಡಿಗೆ

ದಕ್ಷಿಣ ಕೊಡಗಿನ ಇರ್ಪುವಿನಲ್ಲಿ ರಾಮೇಶ್ವರ ದೇವಸ್ಥಾನದ ಹತ್ತಿರದಿಂದ ಹೊರಟು, ಲಕ್ಷ್ಮಣತೀರ್ಥ ಹೊಳೆ ಹುಟ್ಟುವ ಬ್ರಹ್ಮಗಿರಿ ಕಾಡಿನೊಳಗೆ ಹತ್ತಿ, ಅರಣ್ಯ ಇಲಾಖೆಯ ನರಿಮಲೆ ಕ್ಯಾಂಪ್ ನೋಡಿ ಸಂಜೆಯೊಳಗೆ ಇಳಿಯಬಹುದು. ಏರು ಅಂಥಾ ಕಷ್ಟವೇನಲ್ಲ. ಆದರೂ ಅರ್ಧ ದಾರಿಗೇ ವಾಪಸ್ ಓಡಿ ಬಂದವರನ್ನು ತುಂಬಾ ಸಲ ನೋಡಿದ್ದೇನೆ. ಓಡಿಸಿದ್ದು ಆನೆಯಲ್ಲ, ಜಿಗಣೆ.

ಮೊದಲು ಅನುಮತಿ. ಇದು ವನ್ಯಜೀವಿಧಾಮ, ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಕಾಲಿಡಬೇಡಿ. ದಾರಿ ತೆರೆದಿದೆಯಾ ಅಂತ ಮನೆಯಿಂದಲೇ ವಿಚಾರಿಸಿಕೊಂಡು ಬನ್ನಿ. ಬೆಳಗ್ಗೆ ಬೇಗ ಹೊರಡಿ, ಗೈಡ್ ಜೊತೆಗೇ ಇರಿ.

ಈಗ ಕಾಲಿನ ವಿಷಯ. ಮಳೆ ನಿಂತು ತಿಂಗಳಾದರೂ ನೆರಳಿನ ತರಗೆಲೆಯಲ್ಲಿ ಜಿಗಣೆ ಇದ್ದೇ ಇರುತ್ತದೆ. ಹೆಜ್ಜೆಯ ಅದುರು, ಮೈ ಬಿಸಿ, ಉಸಿರು ಎಲ್ಲವೂ ಅದಕ್ಕೆ ಗೊತ್ತಾಗುತ್ತದೆ. ಮಾಮೂಲಿ ಸಾಕ್ಸ್ ಪ್ರಯೋಜನಕ್ಕಿಲ್ಲ, ನೂಲಿನ ಸಂದಿಯಲ್ಲೇ ತೂರಿಬಿಡುತ್ತದೆ. ಒತ್ತಾಗಿ ನೇಯ್ದ ಹತ್ತಿ ಬಟ್ಟೆಯಿಂದ ಹೊಲಿದ, ಮೊಣಕಾಲಿನವರೆಗೆ ಬರುವ ಜಿಗಣೆ ಸಾಕ್ಸ್ ತಗೊಳ್ಳಿ. ಅದನ್ನು ಪ್ಯಾಂಟಿನ ಮೇಲೆ ಎಳೆದು, ಮೊಣಕಾಲ ಕೆಳಗೆ ಬಿಗಿಯಾಗಿ ಕಟ್ಟಿ, ಆಮೇಲೆ ಶೂ ಹಾಕಿ. ಬಿಳಿ ಬಣ್ಣದ್ದಾದರೆ ಒಳ್ಳೆಯದು, ಹತ್ತುತ್ತಿರುವುದು ಕಣ್ಣಿಗೆ ಬೀಳುತ್ತದೆ. ಗಂಬೂಟ್ ಬೇಡವೇ ಬೇಡ, ಹೊಳೆಯ ಕಲ್ಲಿನ ಮೇಲೆ ಜಾರುತ್ತದೆ. ಪೇಟೆಯಲ್ಲಿ ಮಾರುವ ಸ್ಪ್ರೇಗಳಿಗೂ ದುಡ್ಡು ಸುರಿಯಬೇಡಿ, ಮೊದಲ ತೊರೆ ದಾಟುವಾಗಲೇ ತೊಳೆದುಹೋಗುತ್ತವೆ.

ನಾನು ಹೇಳುವುದು ಹಳೆಯ ಉಪಾಯವನ್ನೇ. ಉಪ್ಪು, ಹೊಗೆಸೊಪ್ಪಿನ ಪುಡಿ ಸೇರಿಸಿ ಬಟ್ಟೆಯಲ್ಲಿ ಗಂಟು ಕಟ್ಟಿ, ಒಂದು ಕೋಲಿನ ತುದಿಗೆ ಬಿಗಿಯಿರಿ. ಗಂಟನ್ನು ಸ್ವಲ್ಪ ಒದ್ದೆ ಮಾಡಿಕೊಂಡು, ಶೂ ಮೇಲೆ ಹತ್ತುವ ಜಿಗಣೆಗೆ ಮುಟ್ಟಿಸಿದರೆ ಸಾಕು, ಸುರುಟಿ ಬೀಳುತ್ತದೆ.

ಕಚ್ಚಿಬಿಟ್ಟರೆ ಮಾತ್ರ ಲೆಕ್ಕ ಬೇರೆ. ಆಗ ಉಪ್ಪೂ ಬೇಡ, ಬೆಂಕಿಕಡ್ಡಿಯೂ ಬೇಡ. ಗಾಬರಿಯಾದ ಜಿಗಣೆ ಹೊಟ್ಟೆಯಲ್ಲಿರುವುದನ್ನು ಗಾಯಕ್ಕೇ ಕಾರಬಹುದು. ಹಿಡಿದು ಎಳೆಯಲೂ ಬೇಡಿ. ಬೆಂಗಳೂರಿಂದ ಬಂದಿದ್ದ ನನ್ನ ಚಿಕ್ಕಪ್ಪನ ಮಗ ಹೀಗೆ ಎಳೆದೆಳೆದು ಗಾಯ ದೊಡ್ಡದು ಮಾಡಿಕೊಂಡ, ವಾರಗಟ್ಟಲೆ ಕೆರೆದುಕೊಂಡ. ಜಿಗಣೆಗೆ ಎರಡೂ ತುದಿಯಲ್ಲಿ ಹಿಡಿತವಿದೆ, ಸಣ್ಣಗಿರುವ ತುದಿ ಬಾಯಿ. ಚರ್ಮಕ್ಕೆ ಒತ್ತಿಕೊಂಡಂತೆ ಉಗುರನ್ನು ಆ ತುದಿಯ ಪಕ್ಕಕ್ಕೆ ತಂದು ಮೆಲ್ಲಗೆ ಸರಿಸಿ. ಬಾಯಿ ಬಿಟ್ಟ ತಕ್ಷಣ ದಪ್ಪ ತುದಿಯನ್ನೂ ಹಾಗೇ ಬಿಡಿಸಿ, ಬೆರಳಿನಿಂದ ಚಿಮ್ಮಿಬಿಡಿ. ತಡಮಾಡಿದರೆ ಬೆರಳಿಗೇ ಅಂಟಿಕೊಳ್ಳುತ್ತದೆ.

ರಕ್ತ ನಿಲ್ಲದಿದ್ದರೆ ಹೆದರಬೇಡಿ. ಜಿಗಣೆಯ ಜೊಲ್ಲಿನಲ್ಲಿ ಒಂದು ಅಂಶವಿದೆ, ಅದು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ನೀರಲ್ಲಿ ತೊಳೆದು ಚೊಕ್ಕ ಬಟ್ಟೆ ಒತ್ತಿ ಹಿಡಿಯಿರಿ. ಆದರೆ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಹೊರಡುವ ಮೊದಲೇ ಡಾಕ್ಟರನ್ನು ಕೇಳಬೇಕು.

ತೊರೆ ದಾಟುವಾಗ ಶೂ ಬಿಚ್ಚಬೇಡಿ, ಕೋಲೂರಿ ನಿಧಾನ ಹೆಜ್ಜೆಯಿಡಿ. ನೀರು ಮೊಣಕಾಲು ಮೀರಿ ರಭಸವಾಗಿದ್ದರೆ ಅವತ್ತಿನ ನಡಿಗೆ ಅಲ್ಲಿಗೇ ಮುಗಿಯಿತು, ತಿರುಗಿ ಬನ್ನಿ.

ಬುತ್ತಿಗೆ ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ), ಎಳ್ಳು ಪಜ್ಜಿ (ಎಳ್ಳಿನ ಚಟ್ನಿ). ಚಿಪ್ಸ್ ಪ್ಯಾಕೆಟ್ ಕಾಡಿಗೆ ಒಯ್ಯಲೇಬೇಡಿ. ಊಟಕ್ಕೆ ನೆರಳಿನ ತರಗೆಲೆ ಮೇಲೆ ಸುಮ್ನೆ ಕೂತುಬಿಡಬೇಡಿ, ಬಿಸಿಲು ಬಿದ್ದ ಬಂಡೆ ಹುಡುಕಿ. ಅಲ್ಲಿ ಜಿಗಣೆ ಬರುವುದು ಕಡಿಮೆ, ಕೆಳಗಿನ ಕಾಡೂ ಚೆನ್ನಾಗಿ ಕಾಣುತ್ತದೆ.

ಇಳಿದ ಮೇಲೆ ಕಾರು ಹತ್ತುವ ಮೊದಲು ಸಾಕ್ಸ್ ಮಗುಚಿ ಕೊಡವಿ. ಬೆರಳ ಸಂದಿ, ಮೊಣಕಾಲ ಹಿಂದೆ, ಸೊಂಟದ ಪಟ್ಟಿ, ಮಕ್ಕಳಿದ್ದರೆ ಕಿವಿಯ ಹಿಂದೆ ಕೂಡ ನೋಡಿ. ಬ್ಯಾಗಿನ ತಳವನ್ನು ಎಲ್ಲರೂ ಮರೆಯುತ್ತಾರೆ, ಮನೆವರೆಗೂ ಜಿಗಣೆ ಬರುವುದು ಅದರಲ್ಲೇ.