ಹಪ್ಪಳವಾಗದ ಅಲ್ಯೂಮಿನಿಯಂ ಕನ್ನಡಿ: ಪುಣೆಯ ಭೋಸರಿಯಲ್ಲಿ ಕೈಗೂಡಿದ್ದು ಹೀಗೆ

ದೂರದರ್ಶಕದ ಕನ್ನಡಿ: ಅಗಲ 200 ಮಿಮೀ, ಎಫ್/2 (ನಾಭಿದೂರ ಅಗಲದ ಎರಡು ಪಟ್ಟು) ಪ್ಯಾರಾಬೋಲಾ. ಕೆಲಸ 10 ಮೈಕ್ರಾನ್ ತರಂಗದ ಅವಕೆಂಪು ಬೆಳಕಿಗೆ. 6061 ಎಂಬ ಅಲ್ಯೂಮಿನಿಯಂ ಮಿಶ್ರಲೋಹ ಎಂದ ಕೂಡಲೇ ಪುಣೆಯ ನಮ್ಮ ಕನ್ನಡ ಬಳಗದಲ್ಲಿ ಗಾಜು ಉಜ್ಜುವವರೆಲ್ಲ ಮೂಗು ಮುರಿದರು. ‘ಥಂಡಿಗೆ ಹಪ್ಪಳ ಆಗ್ತದ ನೋಡ್ರಿ’ ಅಂದರು. ಮೊದಲೆರಡು ಹಪ್ಪಳವೇ ಆದವು, ಸುಳ್ಳಲ್ಲ. ಮೂರನೆಯದು ದ್ರವ ಸಾರಜನಕದಲ್ಲಿ ಮುಳುಗೆದ್ದ ಮೇಲೂ ಆಕಾರ ಅರ್ಧ ಮೈಕ್ರಾನಿನೊಳಗೆ ನಿಂತಿದೆ.

ಮೊದಲನೆಯದನ್ನು ಲೇತಿನ ವ್ಯಾಕ್ಯೂಮ್ ಚಕ್ಕಿನಲ್ಲಿ (ಗಾಳಿ ಹೀರಿ ಹಿಡಿಯುವ ತಟ್ಟೆ) ಹಿಡಿದಿದ್ದೆ. ಚಕ್ಕಿನ ಮೇಲೆ ಆಕಾರ ಚೊಕ್ಕ, ಬಿಟ್ಟೊಡನೆ ಬೆನ್ನಿನ ಡೊಂಕೆಲ್ಲ ಮುಖಕ್ಕೆ ಬಂತು. ಈಗ ಬೆನ್ನನ್ನು ಉಜ್ಜಿ 2 ಮೈಕ್ರಾನಿಗೆ ಸಮ (ಲ್ಯಾಪ್) ಮಾಡದೆ ಮುಂದೆ ಹೋಗುವುದಿಲ್ಲ. ದೂರದರ್ಶಕದಲ್ಲಿ ಕೂರಿಸುವ ಮೂರು ಬೋಲ್ಟಿನಲ್ಲೇ, ಅದೇ ಟಾರ್ಕಿನಲ್ಲಿ (ಬಿಗಿತದಲ್ಲಿ) ಹಿಡಿದು ಕತ್ತರಿಸುವುದು. ಬೋಲ್ಟಿನ ಕೆಳಗಿನ ಪ್ಯಾಡಿನ ಆಕಾರ ಮಾತ್ರ ಕೇಳಬೇಡಿ.

ಎರಡನೆಯದರಲ್ಲಿ ಉಳಿಕೆ ಒತ್ತಡ (ಲೋಹದೊಳಗೆ ಉಳಿದ ಬಿಗುವು) ತೆಗೆದಿರಲಿಲ್ಲ. ಒಂದೇ ಥಂಡಿಗೆ 2 ಮೈಕ್ರಾನ್ ಸೊಟ್ಟ. ಈಗಿನ ಕ್ರಮ: ರಫ್ ಟರ್ನಿಂಗಿನಲ್ಲಿ (ಲೇತಿನ ಮೊದಲ ಒರಟು ಕಡಿತ) 1 ಮಿಮೀ ಉಳಿಸಿ, 175 ಡಿಗ್ರಿ ಒಲೆಯಲ್ಲಿ 8 ತಾಸು. ಬಳಿಕ ಸಾರಜನಕ, 150 ಡಿಗ್ರಿ ಒಲೆ, ಹೀಗೆ ಮೂರು ಸುತ್ತು. ಸೀದಾ ಅದ್ದಬಾರದು, ಮೊದಲು ಆವಿಯಲ್ಲಿ ಅರ್ಧ ತಾಸು ತೂಗುಹಾಕಬೇಕು. 0.1 ಮಿಮೀ ಉಳಿದಾಗ ಮತ್ತೆರಡು ಸುತ್ತು. ಕನ್ನಡಿಯ ಹಣೆಬರಹ ಇಲ್ಲೇ ತೀರ್ಮಾನ; ವಜ್ರದ ಮೊನೆಯಿಂದ ಕತ್ತರಿಸುವ ಲೇತು ಬರೀ ಸಹಿ ಹಾಕುತ್ತದೆ.

ಕೊನೆಯ ಕಟ್: ವಜ್ರದ ಮೂತಿ (ತುದಿಯ ದುಂಡಿನ ತ್ರಿಜ್ಯ) 1.5 ಮಿಮೀ, ನಿಮಿಷಕ್ಕೆ 1000 ಸುತ್ತು, ಪ್ರತಿ ಸುತ್ತಿಗೂ ಟೂಲು ಸರಿಯುವುದು (ಫೀಡ್) 5 ಮೈಕ್ರಾನ್, ಆಳ 2 ಮೈಕ್ರಾನ್. ಇಪ್ಪತ್ತು ನಿಮಿಷ. ಟೂಲಿನ ಎತ್ತರ ತಪ್ಪಿದರೆ ನಡುವೆ ಮೊಲೆತೊಟ್ಟಿನಂಥ ಗುಬುಟು ನಿಲ್ಲುತ್ತದೆ. ಮೊದಲು ರದ್ದಿ ತುಂಡಿನ ಮೇಲೆ ನೋಡಿ ಸರಿಮಾಡಿಕೊಳ್ಳಿ.

ಪರೀಕ್ಷೆಗೆ ಚೂರಿ ಅಲಗು ಸಾಕಾಯಿತು (ಕನ್ನಡಿ ಮರಳಿಸಿದ ಬೆಳಕನ್ನು ಅಲಗಿನಿಂದ ತಡೆದು, ಕನ್ನಡಿಯ ಮೇಲಿನ ನೆರಳು ನೋಡುವುದು): ದೀಪ, ಅಲಗು ಒಟ್ಟಿಗೆ ಸರಿದರೆ, ಕನ್ನಡಿಯ ನಡುಭಾಗದ ನಾಭಿಯಿಂದ ಅಂಚಿನದಕ್ಕೆ ಸರಿಯಬೇಕಾದ ದೂರ ಹೆಚ್ಚುಕಮ್ಮಿ 6.25 ಮಿಮೀ. ಗಣಪತಿ ವಾರದಲ್ಲಿ ಅಳೆಯಬೇಡಿ, ಢೋಲ್-ತಾಶಾ ಬಡಿತಕ್ಕೆ ನೆರಳೇ ಕುಣಿಯುತ್ತದೆ.

ನಡುವೆ ಒಂದು ತುಂಡಿಗೆ ನೇರ ಚಿನ್ನ ಬಳಿಸಿ ಒಲೆಗಿಟ್ಟೆ. ಚಿನ್ನ ಅಲ್ಯೂಮಿನಿಯಮ್ಮಿನೊಳಗೆ ಇಳಿದು ಕಲೆಗಟ್ಟಿತು. ಅಡಿಗೆ ತಡೆಪದರ ಬೇಕೇ ಬೇಕು. ನಾನು ಕ್ರೋಮಿಯಂ ಹಾಕಿಸಿದೆ.

ಖರ್ಚು ನೆನಪಿದ್ದಂತೆ: ಲೇತಿನ ಬಾಡಿಗೆ ನಲವತ್ತು ಸಾವಿರದ ಆಸುಪಾಸು, ವಜ್ರ ಮರುಸಾಣೆ ಹದಿನೈದು, ಚಿನ್ನದ ಲೇಪ ಇಪ್ಪತ್ತು, ಲೋಹ-ಸಾರಜನಕ ಹತ್ತು. ಕೆಟ್ಟ ಎರಡರ ಲೆಕ್ಕ ಬೇರೆ. ಅದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.