ಭಾರದ ಹಾಯಿದೋಣಿ ನೆಲ ಹತ್ತಿದರೆ ಉಳಿಯುತ್ತಾ? ನನ್ನ ಅನುಭವ

ದಪ್ಪ ಒಡಲಿನ ಹಳೇ ದೋಣಿ ನೆಲ ಹತ್ತಿದರೂ ಏನೂ ಆಗಲ್ಲ ಅಂತ ಹೇಳೋರು ಬಹಳ. ಅದು ಅರ್ಧ ನಿಜ. ಯಾವುದರ ಮೇಲೆ ಹತ್ತಿತು, ಆಗ ಅಲೆ ಎಷ್ಟಿತ್ತು ಅನ್ನೋದು ದಪ್ಪಕ್ಕಿಂತ ಮುಖ್ಯ.

ನನ್ನದು ನಿಕಲ್ಸನ್ 32 ಎಂಬ ಮಾದರಿಯ ಹಾಯಿದೋಣಿ. ಫೈಬರ್‌ಗ್ಲಾಸ್ ಒಡಲು, ಸುಮಾರು 6 ಟನ್ ತೂಕ. ಅದರಲ್ಲಿ ಹತ್ತಿರ ಹತ್ತಿರ ಅರ್ಧ ಸೀಸವೇ. ಆ ಸೀಸ ಉದ್ದನೆಯ ಕೀಲ್‌ನ (ದೋಣಿಯ ತಳದಿಂದ ನೀರೊಳಗೆ ಚಾಚಿದ ಭಾಗ) ಒಳಗೇ ಕೂತಿದೆ, ಕೆಳಗಿನಿಂದ ಬೋಲ್ಟ್ ಹಾಕಿ ಬಿಗಿದಿದ್ದಲ್ಲ. ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ, ಕ್ರೌಚ್ ನದಿ ಸಮುದ್ರ ಸೇರುವ ಕಡೆ ಬಕ್ಸಿ ಸ್ಯಾಂಡ್ ಎಂಬ ಮರಳದಿಬ್ಬ ಇದೆ. ಒಮ್ಮೆ ಗಾಳಿ ಬಿದ್ದುಹೋಯಿತು, ಎಂಜಿನ್ನೂ ಕೈಕೊಟ್ಟಿತು. ಲಂಗರು ಕಚ್ಚಿಕೊಳ್ಳುವಷ್ಟರಲ್ಲಿ ಕೀಲ್ ಮರಳು ಮುಟ್ಟಿತ್ತು. ಇಳಿತದ ಹೊತ್ತು ಬೇರೆ.

ದೋಣಿ ಯಾವ ಕಡೆ ಮಲಗಬೇಕು ಅನ್ನೋದನ್ನು ಮೊದಲು ನಾವೇ ನಿರ್ಧರಿಸಿದೆವು. ದಿಬ್ಬ ಎತ್ತರವಿರುವ ಕಡೆಗೇ ವಾಲಬೇಕು. ಆಳದ ಕಡೆ ಮಲಗಿದರೆ, ಉಬ್ಬರ ಬಂದಾಗ ದೋಣಿ ಏಳುವ ಮೊದಲೇ ನೀರು ಕಾಕ್‌ಪಿಟ್‌ಗೆ (ಚುಕ್ಕಾಣಿ ಹಿಡಿದು ಕೂರುವ ತಗ್ಗು ಜಾಗ) ನುಗ್ಗಬಹುದು. ಹಾಯಿಯ ಬುಡದ ಅಡ್ಡಕಂಬವನ್ನು (ಬೂಮ್) ದಿಬ್ಬದ ಕಡೆ ಚಾಚಿ ನೀರಿನ ಕ್ಯಾನ್ ಕಟ್ಟಿದೆವು, ನಾವೂ ಅದೇ ಅಂಚಿಗೆ ಹೋಗಿ ಕೂತೆವು. ಒಡಲು ನೆಲಕ್ಕೆ ತಾಗೋ ಜಾಗಕ್ಕೆ ಹಾಸಿಗೆ, ಫೆಂಡರ್ (ಒಡಲಿಗೆ ಪೆಟ್ಟಾಗದಂತೆ ಇಡುವ ಮೆತ್ತೆ) ತುರುಕಿದೆವು. ಡೀಸೆಲ್ ಟ್ಯಾಂಕಿನ ಗಾಳಿಕೊಳವೆಗೂ ಬಟ್ಟೆ ಬಿಗಿದೆವು. ನೀರು ಪೂರ್ತಿ ಇಳಿದ ಮೇಲೆ ಮರಳಿನ ಮೇಲೆ ನಡೆದುಕೊಂಡೇ ಹೋಗಿ ಲಂಗರನ್ನು ಆಳದ ಕಡೆ ಹೂತು ಬಂದೆವು.

ಮಲಗುವಾಗ ಭಯ ಆಗಲಿಲ್ಲ, ಏಳುವಾಗ ಆಯ್ತು. ಪ್ರತಿ ಅಲೆಗೂ ದೋಣಿ ಒಂದಿಷ್ಟು ಎದ್ದು ಧಡ್ ಅಂತ ಬೀಳುತ್ತೆ, ಹಾಯಿಕಂಬದ ತುದಿವರೆಗೂ ನಡುಗುತ್ತೆ. ಭಾರದ ದೋಣಿಗೆ ಇದೇ ಕಷ್ಟ. ತೇಲೋಕೆ ಜಾಸ್ತಿ ನೀರು ಬೇಕು, ಅಲ್ಲಿವರೆಗೂ ಹೊಡೆತ ತಿನ್ನಬೇಕು. ಕೆಳಗಿದ್ದದ್ದು ಮರಳು, ಅಲೆಯೂ ಸಣ್ಣದು, ಹಾಗಾಗಿ ತಾಳಿಕೊಂಡಿತು. ಬಂಡೆಯ ಮೇಲೆ ಹೀಗೇ ಕುಟ್ಟುತ್ತಿದ್ದರೆ ಎಂಥ ಫೈಬರೂ ತಾಳಲ್ಲ.

ಎಲ್ಲರೂ ಉದಾಹರಣೆ ಕೊಡೋ ದೋಣಿಗಳೂ ಮರಳಿಗೆ ಬಿದ್ದವೇ. 1982ರಲ್ಲಿ ಮೆಕ್ಸಿಕೋದ ಕಾಬೋ ಸಾನ್ ಲೂಕಾಸ್‌ನಲ್ಲಿ ಬಿರುಗಾಳಿ ಫ್ರೆಂಚ್ ನಾವಿಕ ಬರ್ನಾರ್ಡ್ ಮೊಯಿತೆಸ್ಸಿಯೆಯ ಉಕ್ಕಿನ 'ಜೋಶುವಾ'ವನ್ನು ದಡಕ್ಕೆ ಎಸೆಯಿತು. ಅದನ್ನು ಮತ್ತೆ ನೀರಿಗಿಳಿಸಿದರು, ಈಗ ಫ್ರಾನ್ಸಿನ ಲಾ ರೊಶೆಲ್ ಮ್ಯೂಸಿಯಂನಲ್ಲಿದೆ. 1991ರ ಅಟ್ಲಾಂಟಿಕ್ ಬಿರುಗಾಳಿಯಲ್ಲಿ ಜನ ಬಿಟ್ಟುಬಂದ ವೆಸ್ಟ್‌ಸೇಲ್ 32 ಮಾದರಿಯ ದೋಣಿ 'ಸಟೋರಿ' ತಾನೇ ತೇಲಿಹೋಗಿ ಅಮೆರಿಕದ ಆಸಟೀಗ್ ದ್ವೀಪದ ಮರಳ ದಂಡೆಗೆ ಸೇರಿತು, ಅದೂ ಉಳಿಯಿತು. ಹಗುರ ದೋಣಿಯ ಬೋಲ್ಟ್ ಹಾಕಿದ ಕೀಲ್ ಲೆಕ್ಕವೇ ಬೇರೆ. 2014ರಲ್ಲಿ 'ಚೀಕಿ ರಫೀಕಿ' ಎಂಬ ಅಂಥ ದೋಣಿಯ ಕೀಲ್ ನಡುಸಮುದ್ರದಲ್ಲಿ ಕಳಚಿ ನಾಲ್ವರು ಹೋದರು. ಅದಕ್ಕೂ ಮೊದಲು ಅದು ನೆಲ ಹತ್ತಿದ್ದುದನ್ನು ತನಿಖೆ ಎತ್ತಿ ತೋರಿಸಿತು.

ಆದ್ದರಿಂದ ತೇಲಿತಲ್ಲಾ ಅಂತ ನಾನು ಸುಮ್ನೆ ಬಿಡಲಿಲ್ಲ. ದೋಣಿಯನ್ನು ಕ್ರೇನಿನಲ್ಲಿ ಮೇಲೆತ್ತಿಸಿ, ಕೀಲ್ ತಳವನ್ನು ಸಣ್ಣ ಸುತ್ತಿಗೆಯಿಂದ ಅಂಗುಲ ಅಂಗುಲ ತಟ್ಟಿದೆ. ಗಟ್ಟಿ ಇದ್ದ ಕಡೆ ಟಕ್ ಟಕ್ ಅಂತಿತ್ತು, ಮುಂಭಾಗದಲ್ಲಿ ಒಂದು ಕಡೆ ಸದ್ದು ಮಂಕಾಯಿತು. ಅಲ್ಲಿ ತೂತು ಕೊರೆದಾಗ ಕಂದು ನೀರು ತೊಟ್ಟಿಕ್ಕಿತು. ಸೀಸಕ್ಕೂ ಫೈಬರ್‌ಗೂ ನಡುವೆ ಉಪ್ಪುನೀರು ಸೇರಿತ್ತು. ಸಿಹಿನೀರಲ್ಲಿ ತೊಳೆದು, ಚಳಿಗಾಲ ಪೂರ್ತಿ ಒಣಗಲು ಬಿಟ್ಟು, ಆಮೇಲೆ ಎಪಾಕ್ಸಿ ಅಂಟು ತುಂಬಿ ಮೇಲೆ ಹೊಸ ಪದರ ಹಾಕಿದೆ. ಚುಕ್ಕಾಣಿಯ ಬುಡದ ಕಂಚಿನ ಹಿಡಿಕೆ ಮಾತ್ರ ಒಂದಿಷ್ಟೂ ಅಲುಗಿರಲಿಲ್ಲ.